ಮಿಡಿಸೌತೆಗೆ ಕರಿಬಳೆ

ಗೌರಿ ಹಬ್ಬ ಹತ್ತಿರವಿದ್ದಾಗ ಅಮೆರಿಕದ ಖರೀದಿದಾರರಿಂದ ನಮ್ಮ ಮಾಲೀಕರಿಗೆ ಎರಡು ಸಾಲಿನ ಇಮೇಲ್ ಬಂತು. ಮುಂದಿನ ಸೂಚನೆ ಬರುವವರೆಗೆ ಒಂದು ಪೀಪಾಯಿಯನ್ನೂ ಹಡಗಿಗೆ ಏರಿಸಬೇಡಿ ಎಂದು ಅದರಲ್ಲಿತ್ತು. ಕಾರಣ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ನಮ್ಮ ದೇಶ ರಷ್ಯಾದಿಂದ ಕಚ್ಚಾ ಎಣ್ಣೆ ಕೊಳ್ಳುತ್ತದೆಂಬ ಸಿಟ್ಟಿಗೆ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಇಮ್ಮಡಿ ಮಾಡಿತ್ತು. ಗಣೇಶನ ಹಬ್ಬದ ದಿನವೇ ಅದು ಜಾರಿಗೆ ಬರುವುದಿತ್ತು.

ನಮ್ಮದು ಕೆ.ಆರ್. ಪೇಟೆಯಿಂದ ಕಿಕ್ಕೇರಿಗೆ ಹೋಗುವ ರಸ್ತೆ ಬದಿಯ ಸಣ್ಣ ಕಾರ್ಖಾನೆ. ಸುತ್ತಲ ಹಳ್ಳಿಗಳಲ್ಲೂ ನಾಗಮಂಗಲದ ಬೋರ್‌ವೆಲ್ ಹೊಲಗಳಲ್ಲೂ ಒಪ್ಪಂದದ ಮೇಲೆ ಬೆಳೆಸಿದ ಮಿಡಿಸೌತೆಯನ್ನು ಇಲ್ಲಿ ತೊಳೆದು, ಗಾತ್ರದ ಪ್ರಕಾರ ಬೇರ್ಪಡಿಸಿ, ಉಪ್ಪು ಮತ್ತು ವಿನೆಗರ್ ಬೆರೆಸಿದ ನೀರಿನ ಪೀಪಾಯಿಗಳಿಗೆ ತುಂಬುತ್ತೇವೆ. ಕಿರುಬೆರಳಿನಷ್ಟು ದಪ್ಪದ ಈ ಕಾಯಿಯನ್ನು ನಮ್ಮ ಸೀಮೆಯಲ್ಲಿ ಯಾರೂ ಸಾರಿಗೆ ಹಾಕುವುದಿಲ್ಲ, ಕೋಸಂಬರಿಗೂ ಹೆಚ್ಚುವುದಿಲ್ಲ. ಬೆಳೆದದ್ದೆಲ್ಲ ಹೊರದೇಶಕ್ಕೇ ಹೋಗಬೇಕು. ಗುಣಮಟ್ಟದ ವಿಭಾಗ ನನ್ನ ಜವಾಬ್ದಾರಿ. ಶ್ರೀರಂಗಪಟ್ಟಣದ ಮನೆಯಿಂದ ಮೊದಲ ಬಸ್ಸು ಹಿಡಿದು, ಪಾಂಡವಪುರ, ಚಿನಕುರಳಿ ದಾಟಿ, ಪಾಳಿ ಶುರುವಾಗುವ ಮುನ್ನ ಪ್ರಯೋಗಾಲಯದ ಬಾಗಿಲು ತೆಗೆಯುತ್ತೇನೆ. ನಮ್ಮ ತಂದೆ ದೇವಸ್ಥಾನದ ಅಡುಗೆಮನೆಯಲ್ಲಿದ್ದವರು. ಯಾವ ಪಾತ್ರೆ ಎಲ್ಲಿರಬೇಕು, ಯಾವುದನ್ನು ಮೊದಲು ಮುಟ್ಟಬೇಕು ಎನ್ನುವುದು ಅಲ್ಲಿ ಚರ್ಚೆಯ ವಿಷಯವಾಗಿರಲಿಲ್ಲ. ಈ ವಯಸ್ಸಿನಲ್ಲೂ ನನಗೆ ಆ ಶಿಸ್ತು ಭಾರವೆನಿಸಿಲ್ಲ.

ಮಿಡಿಸೌತೆಯ ತೊಂದರೆಯೆಂದರೆ ಅದು ಕಾಯುವುದಿಲ್ಲ. ಇವತ್ತು ಕಿರುಬೆರಳಿನಷ್ಟಿದ್ದದ್ದು ನಾಳೆ ಹೆಬ್ಬೆರಳಾಗುತ್ತದೆ, ನಾಡಿದ್ದು ಯಾರಿಗೂ ಬೇಡವಾಗುತ್ತದೆ. ಇಮೇಲ್ ಬಂದ ದಿನ ಬಳ್ಳಿಗಳೆಲ್ಲ ಕೊಯ್ಲಿಗೆ ಬಂದಿದ್ದವು. ಖರೀದಿ ನಿಲ್ಲಿಸುವುದಾದರೆ ಬೆಳೆಗಾರರಿಗೆ ಬಳ್ಳಿ ಕಿತ್ತುಹಾಕಲು ಹೇಳಬೇಕಿತ್ತು. ಹೇಳಬೇಕಾದವಳು ನಾನು. ಏಕೆಂದರೆ ಆ ವರ್ಷ ಕಿಕ್ಕೇರಿ ಕಡೆಯ ಹಳ್ಳಿಯೊಂದರಲ್ಲಿ ಕಬ್ಬು ಬಿಟ್ಟು ಇದಕ್ಕೆ ಇಳಿಯಿರಿ, ಕೊಳ್ಳುವ ಹೊಣೆ ನಮ್ಮದು ಎಂದು ಮನೆಮನೆಗೆ ಹೋಗಿ ಹೇಳಿದ್ದು ನಾನೇ. ಅಲ್ಲಿನ ಹೆಂಗಸರ ಗುಂಪಿಗೆ ಒಬ್ಬಾಕೆ ಮುಂದಾಳು. ಎಲ್ಲರೂ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು. ಅವರು ತಮ್ಮ ಅಷ್ಟೂ ನೀರಾವರಿ ಜಮೀನಿಗೆ ಈ ಬೀಜ ಹಾಕಿದ್ದರು. ಅವರನ್ನು ನೋಡಿ ಅಕ್ಕಪಕ್ಕದವರೂ ಹಾಕಿದ್ದರು.

ಬೆಳೆಗಾರರ ನಡುವೆ ಓಡಾಡುವ ನಮ್ಮ ಕ್ಷೇತ್ರ ಸಹಾಯಕ ಕಿರಂಗೂರಿನವನು. ಬೈಕಿಗಿಂತ ಬಾಯಿ ಜೋರು. ಅವನೇ ಸುದ್ದಿ ತಂದ.

“ಮೇಡಮ್ನೋರೆ, ನಾಗಮಂಗ್ಲದ್ ಕಡೆ ಆಗ್ಲೇ ಒಂದಷ್ಟ್ ಜನ ಬಳ್ಳಿ ಕಿತ್ತಾಕ್ಬುಟ್ಟವ್ರೆ. ಟೀವೀಲಿ ನೋಡುದ್ರಂತೆ. ಎಣ್ಣೆ ತಕಂಡೋರ್ ಯಾರೋ, ಕುಡ್ದೋರ್ ಯಾರೋ, ವಾಂತಿ ಮಾತ್ರ ನಮ್ ಒಲ್ದಲ್ಲಿ ಅಂತ ಬೈತಾವ್ರೆ.”

“ಅದು ಕುಡಿಯೋ ಎಣ್ಣೆ ಅಲ್ಲಪ್ಪ.”

“ಗೊತ್ತು ಬುಡಿ. ಅವ್ರಿಗೂ ಗೊತ್ತು. ಒಟ್ಟೆ ಉರೀತಾ ಅದೆ, ಅದ್ಕೆ ಅಂಗಂತಾರೆ.”

ಮಾರನೆಯ ದಿನ ಬಂದರಿನ ಕಡೆಯಿಂದ ಒಬ್ಬ ಮಧ್ಯವರ್ತಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಮೃದುವಾದ ಮಾತು. ಮಾಲೀಕರ ಕೋಣೆಯಲ್ಲಿ ಕುಳಿತು ಅವರು ಹೇಳಿದ್ದು ಸರಳವಾಗಿತ್ತು. ಸಮುದ್ರದಾಚೆಯ ನೆರೆಯ ದೇಶ ಶ್ರೀಲಂಕಾದಲ್ಲೂ ಮಿಡಿಸೌತೆ ಬೆಳೆಯುತ್ತಾರೆ. ಅವರ ಮೇಲೆ ಅಮೆರಿಕ ಹಾಕಿರುವ ಸುಂಕ ನಮಗಿಂತ ಬಹಳ ಕಡಿಮೆ. ಆದ್ದರಿಂದ ನಮ್ಮ ಪೀಪಾಯಿಗಳನ್ನು ಮೊದಲು ಅಲ್ಲಿಗೆ ಕಳಿಸುವುದು, ಅಲ್ಲಿ ಪೀಪಾಯಿ ಮೇಲಿನ ಚೀಟಿ ಬದಲಿಸಿ ಅಲ್ಲಿಯದೇ ಸರಕೆಂದು ಅಮೆರಿಕಕ್ಕೆ ದಾಟಿಸುವುದು.

“ಅದೇ ಕಾಯಿ, ಅದೇ ವಿನೆಗರ್ ಮೇಡಂ. ತಿನ್ನುವವನ ನಾಲಿಗೆಗೆ ದೇಶ ಗೊತ್ತಾಗುತ್ತದೆಯೇ? ಈಗ ಎಲ್ಲರೂ ಮಾಡುತ್ತಿರುವುದು ಇದನ್ನೇ” ಎಂದರು.

ಪ್ರತಿ ಪೀಪಾಯಿಯ ಚೀಟಿಯ ಮೇಲೂ ಒಂದು ಸಂಕೇತ ಇರುತ್ತದೆ. ಯಾವ ಊರು, ಯಾರ ಹೊಲ, ಯಾವ ದಿನದ ಕೊಯ್ಲು ಎಂದು ಅದರಿಂದ ಹೇಳಬಹುದು. ನನ್ನ ಸಹಿ ಬೀಳುವುದು ಅದರ ಕೆಳಗೆ. ದೂರದ ಊರಿನಲ್ಲಿ ಇದನ್ನು ತಿಂದ ಮಗುವಿಗೆ ಹೊಟ್ಟೆನೋವು ಬಂದರೆ, ಆ ಸಂಕೇತ ಹಿಡಿದು ಹೊಲದ ಬದುವಿನವರೆಗೆ ಹಿಂದಕ್ಕೆ ನಡೆದು ಬರಬಹುದು. ಚೀಟಿ ಹರಿದರೆ ಆ ದಾರಿಯೇ ಕಡಿದುಹೋಗುತ್ತದೆ. ಇಷ್ಟನ್ನು ಹೇಳಿ, ಇದಕ್ಕೆ ನಾನು ಸಹಿ ಹಾಕುವುದಿಲ್ಲ ಎಂದೆ.

ಮಾಲೀಕರು ಬಹಳ ಹೊತ್ತು ಮೇಜಿನ ಮೇಲಿನ ಗಾಜಿನ ಪೇಪರ್‌ವೇಟನ್ನು ತಿರುಗಿಸುತ್ತಿದ್ದರು. ಕಾರ್ಖಾನೆ ಅವರದು, ಬ್ಯಾಂಕಿಗೆ ಉತ್ತರ ಹೇಳಬೇಕಾದವರೂ ಅವರೇ. ನನ್ನನ್ನು ಆ ಕ್ಷಣವೇ ಮನೆಗೆ ಕಳಿಸಬಹುದಿತ್ತು. ಮಧ್ಯವರ್ತಿಗೆ ಕಾಫಿ ತರಿಸಿ, ಕುಡಿದ ಮೇಲೆ ಬಾಗಿಲವರೆಗೆ ಬಿಟ್ಟು ಬಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

“ಆಯಿತು. ಈ ಬಾಗಿಲು ಮುಚ್ಚಿದಿರಿ. ಬೇರೆ ಯಾವುದು ತೆಗೆದಿದೆ, ನೀವೇ ಹೇಳಿ.”

ತೆಗೆದಿದ್ದದ್ದು ಒಂದೇ. ಹಿಂದೊಮ್ಮೆ ರಷ್ಯಾದ ಕಂಪನಿಯೊಂದು ನಮ್ಮನ್ನು ವಿಚಾರಿಸಿತ್ತು. ಅವರಿಗೆ ಬೇಕಾದದ್ದು ದೊಡ್ಡ ಕಾಯಿ. ಅಮೆರಿಕದವರು ಕಿರುಬೆರಳು ಕೇಳಿದರೆ ಇವರು ಗಾಜಿನ ಭರಣಿಯಲ್ಲಿ ನೆಟ್ಟಗೆ ನಿಲ್ಲುವ, ಒಂದೇ ದಪ್ಪದ, ಕಚ್ಚಿದರೆ ಸದ್ದಾಗುವ ಕಾಯಿ ಕೇಳುತ್ತಿದ್ದರು. ಆಗ ನಮಗೆ ಒಗ್ಗುವುದಿಲ್ಲವೆಂದು ಬಿಟ್ಟಿದ್ದೆವು. ಮಾಲೀಕರು ಅಂದೇ ಅವರಿಗೆ ಬರೆದರು. ಹಣ ಯಾವ ಬ್ಯಾಂಕಿನ ಮೂಲಕ ಬರಬೇಕು, ಹಡಗು ಯಾವ ದಾರಿಯಲ್ಲಿ ಹೋಗಬೇಕು ಎಂಬ ತಲೆನೋವನ್ನೆಲ್ಲ ತಾವೇ ಹೊತ್ತುಕೊಂಡರು. ಉತ್ತರ ಬೇಗ ಬಂತು: ತಪಾಸಣೆಗಾರರನ್ನು ಕಳಿಸುತ್ತೇವೆ, ಮಾದರಿ ತಯಾರಿರಲಿ, ಒಪ್ಪಿಗೆಯಾದರೆ ಈ ಹಂಗಾಮಿನ ಸರಕೆಲ್ಲ ಕೊಳ್ಳುತ್ತೇವೆ. ಅವರು ಬರುವವರೆಗೆ ಖರೀದಿ ನಿಲ್ಲಿಸುವುದಿಲ್ಲ, ಮಾದರಿ ನಪಾಸಾದರೆ ಅಂದೇ ಬಳ್ಳಿ ಕೀಳಿಸುವುದು ಎಂದು ಮಾಲೀಕರು ತೀರ್ಮಾನಿಸಿದರು.

ಈಗ ಬಳ್ಳಿಯ ಮೇಲೆ ಕಾಯಿಯನ್ನು ಒಂದೆರಡು ದಿನ ಹೆಚ್ಚು ಬಿಡಬೇಕಿತ್ತು. ಆದರೆ ಎಷ್ಟು? ಸಣ್ಣ ಕಾಯಿಗೆ ಹೆಂಗಸರ ಕಿರುಬೆರಳೇ ಅಳತೆ. ದೊಡ್ಡ ಕಾಯಿಗೆ ಅಂಥ ಅಳತೆ ಇರಲಿಲ್ಲ. ಕಣ್ಣಳತೆಗೆ ಬಿಟ್ಟರೆ ಒಂದು ದಪ್ಪ, ಒಂದು ಸಣ್ಣ. ಉಂಗುರದ ಹಾಗಿರುವ ಅಳತೆಬಳೆಗಳನ್ನು ಬೆಂಗಳೂರಿನಲ್ಲಿ ಮಾಡಿಸುವಷ್ಟರಲ್ಲಿ ಹಂಗಾಮೇ ಮುಗಿಯುತ್ತಿತ್ತು. ಊಟದ ಡಬ್ಬಿ ಮುಚ್ಚುವಾಗ ಹೊಳೆಯಿತು: ಎಳೆಗೂಸಿಗೆ ತೊಡಿಸುವ ಕರಿಬಳೆ ಹೆಚ್ಚುಕಡಿಮೆ ಅದೇ ಅಗಲ. ಗಾಜಿನದು ಬೇಡವೇ ಬೇಡ, ಆಹಾರದ ಕಾರ್ಖಾನೆಯ ಹತ್ತಿರ ಗಾಜಿನ ಚೂರು ಸುಳಿಯಬಾರದು. ಪ್ಲಾಸ್ಟಿಕ್ಕಿನದಾದರೆ ಸರಿ.

ವರ್ನಿಯರ್ ಅಳತೆಗೋಲನ್ನು ಚೀಲಕ್ಕೆ ಹಾಕಿಕೊಂಡು ಕೆ.ಆರ್. ಪೇಟೆಯ ಬಳೆ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ಹಬ್ಬದ ಗಿರಾಕಿಗಳ ನಡುವೆ ಬೆವರುತ್ತಿದ್ದರು.

“ಮಗು ಎಷ್ಟ್ ತಿಂಗ್ಳದ್ದು ಅಮ್ಮಾ?”

“ಮಗು ಅಲ್ಲ, ಸೌತೆಕಾಯಿ.”

ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಒಂದೊಂದೇ ಬಳೆಯ ಒಳಅಗಲ ಅಳೆದು ಪಕ್ಕಕ್ಕಿಡತೊಡಗಿದಾಗ, “ಯಾ ಅಲ್ಲಾ” ಎಂದು ಸ್ಟೂಲು ಎಳೆದು ಕೊಟ್ಟರು. “ಕೂತ್ಕಂಡ್ ಅಳೀರಿ. ನಿಮ್ ಸೌತೆಕಾಯ್ಗೆ ಮಾಷಾ ಅಲ್ಲಾ, ದೃಷ್ಟಿ ಆಗ್ದೆ ಇರ್ಲಿ.” ಒಂದೇ ಅಳತೆಯವು ಸಿಗುವಂತೆ ಒಳಗಿನ ಪೆಟ್ಟಿಗೆಗಳನ್ನೂ ಅವರೇ ಬಿಚ್ಚಿ ಕೊಟ್ಟರು.

ಗಣೇಶನ ಹಬ್ಬ ಕಳೆದ ಮಾರನೆಯ ಬೆಳಿಗ್ಗೆ ದೊಡ್ಡವ್ವನ ಮನೆಯ ಅಂಗಳದಲ್ಲಿ ಕೊಯ್ಲಿನ ಹೆಂಗಸರು ಸೇರಿದರು. ಕಾಯಿಯ ಮೇಲೆ ಬಳೆ ಸಲೀಸಾಗಿ ಜಾರಿದರೆ ಇನ್ನೂ ಬಿಡಿ, ಮುಟ್ಟಿಯೂ ಮುಟ್ಟದಂತೆ ಇಳಿದರೆ ಕೊಯ್ಯಿರಿ, ಸಿಕ್ಕಿಕೊಂಡರೆ ತಡವಾಯಿತೆಂದು ತಿಳಿಯಿರಿ. ಇಷ್ಟು ವಿವರಿಸಿ, ಸಾಲಾಗಿ ಒಬ್ಬೊಬ್ಬರಿಗೆ ಒಂದೊಂದು ಬಳೆ ಕೊಡುತ್ತಾ ಹೋದೆ.

ದೊಡ್ಡವ್ವನ ಸೊಸೆಯ ಸರದಿ ಬಂತು. ಮದುವೆಯಾಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೆ ಆ ಬೆಳಿಗ್ಗೆ ನನ್ನ ತಲೆಯಲ್ಲಿದ್ದದ್ದು ಮಿಲಿಮೀಟರು ಮಾತ್ರ. ಆಕೆ ಅಂಗೈ ಮೇಲಿನ ಪುಟ್ಟ ಕರಿಬಳೆಯನ್ನು ನೋಡಿದಳು, ಜಗಲಿಯ ಮೇಲಿಟ್ಟಳು, ಒಳಗೆ ಹೋದಳು.

“ಏನ್ ಮೇಡಮ್ನೋರೆ ಇದು?” ದೊಡ್ಡವ್ವನ ದನಿ ಏರಿತು. “ಓದ್ದೋರು ನೀವು. ಗೌರವ್ವ ಮನೆಗ್ ಬಂದೋಗಿ ಒಂದ್ ದಿನ ಆಗ್ನಿಲ್ಲ, ಮುತ್ತೈದೇರ್ ಕೈಗೆ ಒಂಟಿ ಬಳೆ ಕೊಡ್ತೀರಲ್ಲ! ಅದ್ರಲ್ಲೂ ಕೂಸಿನ್ ಬಳೆ! ನಮ್ ಮನೆ ಸಂಕ್ಟ ಊರ್ಗೆಲ್ಲ ಡಂಗೂರ ಒಡುಸ್ಬೇಕಾಗಿತ್ತಾ?”

ಬಳೆಯನ್ನು ಜೋಡಿಯಾಗಿಯೇ ಕೊಡಬೇಕು. ನಮ್ಮ ಮನೆಯಲ್ಲೂ ಅದೇ ಪದ್ಧತಿ. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಬಳೆಗಳನ್ನು ಜಗಲಿಗೆ ತಂದಿಟ್ಟರು. ಕ್ಷಮೆ ಕೇಳಿದೆ. ದೊಡ್ಡವ್ವ ತಲೆಯಾಡಿಸಿದರು, ಆದರೆ ಬಳೆಗಳನ್ನು ಯಾರೂ ಮುಟ್ಟಲಿಲ್ಲ.

ಕ್ಷೇತ್ರ ಸಹಾಯಕ ಹಳೆಯ ನೀರಿನ ಪೈಪು ಕತ್ತರಿಸಿ ಉಂಗುರ ಮಾಡೋಣ ಎಂದ. ಸರಿಯಾದ ಅಳತೆಯ ಪೈಪು ಹುಡುಕಲು ಹೊರಟೆವು. ಬೈಕು ಹತ್ತುವಷ್ಟರಲ್ಲಿ ಸೊಸೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ಕಣ್ಣು ಕೆಂಪಾಗಿದ್ದರೂ ದನಿ ನೆಟ್ಟಗಿತ್ತು.

“ಮೇಡಮ್ನೋರೆ, ಇನ್ನೊಂದ್ ಕೊಡಿ. ಜೋಡಿ ಆಗ್ಲಿ.” ಎರಡನ್ನೂ ದಾರಕ್ಕೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡಳು. ಆಮೇಲೆ ಹೆಂಗಸರ ಕಡೆ ತಿರುಗಿ, “ಏನ್ರವ್ವ, ಗರ ಬಡ್ದಂಗ್ ನಿಂತ್ಬುಟ್ರಲ್ಲ ಎಲ್ಲಾ? ಕೂಸು ಆದಾಗ ಆಗ್ಲಿ. ಈಗ ಸೌತೆಕಾಯ್ಗೆ ಬಳೆ ತೊಡುಸನ ಬನ್ನಿ. ಅವೂ ನಾವ್ ಸಾಕಿರವೇ ಅಲ್ವಾ?” ಎಂದಳು.

ಮೊದಲು ನಕ್ಕವರು ದೊಡ್ಡವ್ವ. ಸೊಸೆಯ ಬೆನ್ನಿಗೊಂದು ಗುದ್ದು ಕೊಟ್ಟು, “ನೋಡ್ರೇ, ನಮ್ ಮನೆ ಸೂಲಗಿತ್ತಿ!” ಎಂದು ತಾವೂ ಒಂದು ಜೋಡಿ ಎತ್ತಿಕೊಂಡರು. ಆ ಹುಡುಗಿ ಅಂದು ನನಗೆ ಮಾಡಿದ ಉಪಕಾರವನ್ನು ಇಂದಿಗೂ ಯಾವ ಮಾತಿನಲ್ಲೂ ತೀರಿಸಲಾಗಿಲ್ಲ. ಅವಳು ಒಳಗೇ ಉಳಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಗಾತ್ರ ಸರಿಹೋಯಿತು. ಮೊದಲ ಪೀಪಾಯಿಗಳನ್ನು ತುಂಬಿ, ಕೆಲವು ದಿನ ಬಿಟ್ಟು ಮುಚ್ಚಳ ತೆಗೆದು ಕಾಯಿಗಳನ್ನು ಉದ್ದಕ್ಕೆ ಸೀಳಿದೆ. ಒಳಗೆಲ್ಲ ಪೊಳ್ಳು. ಮೇಲೆ ಚೆಂದದ ಹಸಿರು, ನಡುವೆ ಬೆರಳು ತೂರುವ ಗವಿ. ಇನ್ನೊಂದು ಪೀಪಾಯಿ ತೆಗೆದೆ, ಅಲ್ಲಿಯೂ ಅಷ್ಟೇ. ಇಂಥದ್ದನ್ನು ತಪಾಸಣೆಗಾರರ ಮುಂದಿಟ್ಟರೆ ಬಳ್ಳಿ ಕೀಳುವುದು ಖಚಿತವಿತ್ತು.

ಮೊದಲು ದ್ರಾವಣ ಪರೀಕ್ಷಿಸಿದೆ. ಹುಳಿ, ಉಪ್ಪು, ಸುಣ್ಣದ ಲವಣ ಮೂರೂ ಸರಿಯಾಗಿದ್ದವು. ನೀರು ಸರಿಯಾಗಿತ್ತು. ಹಾಗಾದರೆ ತೊಂದರೆ ಗೇಟಿನ ಹೊರಗೆ ಎಂದು, ಕೊಯ್ಲಿನಿಂದ ಪೀಪಾಯಿಯವರೆಗಿನ ಒಂದೊಂದು ಹೆಜ್ಜೆಯನ್ನೂ ಹೊಲದಲ್ಲಿ ನಿಂತು ನೋಡಿದೆ. ಹೆಂಗಸರು ಎದ್ದು ಮೊದಲು ಹಾಲು ಕರೆಯುತ್ತಾರೆ. ಡೈರಿಗೆ ಹಾಲು ಹಾಕಿ, ಮನೆಯ ಕೆಲಸ ಮುಗಿಸಿ ಹೊಲಕ್ಕೆ ಇಳಿಯುವಾಗ ಬಿಸಿಲು ಏರಿರುತ್ತದೆ. ಕಾಯಿ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಸಣ್ಣ ಕಾಯಿ ಬೇಗ ತಣಿಯುತ್ತದೆ. ದೊಡ್ಡದು ಹೊಟ್ಟೆಯಲ್ಲಿ ಬಿಸಿಯನ್ನು ಹಿಡಿದಿಟ್ಟುಕೊಂಡೇ ಪೀಪಾಯಿ ಸೇರುತ್ತದೆ, ಒಳಗೆ ಅನಿಲ ಕಟ್ಟಿ ಉಬ್ಬುತ್ತದೆ. ಸೂರ್ಯ ಮೇಲೆ ಬರುವ ಮುನ್ನ ಕೊಯ್ಯಬೇಕು, ಒದ್ದೆ ಗೋಣಿ ಹೊದಿಸಿದ ಕ್ರೇಟಿನಲ್ಲಿ ತರಬೇಕು, ಬಂದ ತಕ್ಷಣ ತಣ್ಣೀರಿಗೆ ಹಾಕಬೇಕು. ಕೊನೆಯ ಎರಡು ನನ್ನ ಕೈಯಲ್ಲಿದ್ದವು. ಮೊದಲನೆಯದಕ್ಕೆ ಅಡ್ಡ ನಿಂತದ್ದು ಹಸು.

“ಒತ್ತಾರೆ ಕುಯ್ಯಿ ಅಂದ್ರೆ ಕುಯ್ದೇವು” ಎಂದರು ದೊಡ್ಡವ್ವ. “ಆಲ್ ಕರಿಯೋರ್ ಯಾರು? ಡೈರಿಯೋನು ಕಾಯ್ತಾನಾ?”

“ಗಂಡಸರು ಕರೆಯಲಿ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗತೊಡಗಿದರು. ದೊಡ್ಡವ್ವನ ಯಜಮಾನರು ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು.

“ನಾನ್ ಕರೀತೀನಿ ಕಣಮ್ಮ, ನಂದೇನ್ ಅಡ್ಡಿ ಇಲ್ಲ. ಆ ಹಸೂಗೆ ಯೋಳಿ. ಇವ್ಳ್ ಸೀರೆ ವಾಸ್ನೆ ಇಲ್ದಿದ್ರೆ ಆಲ್ ಇಳ್ಸಕಿಲ್ಲ, ಜಾಡ್ಸಿ ಒದೀತದೆ.”

“ಅಂಗಾರೆ ನನ್ ಸೀರೆ ಉಟ್ಕೊ” ಎಂದರು ದೊಡ್ಡವ್ವ.

“ಲೇ, ಊರ್ ಮುಂದೆ ಮಾನ ಕಳೀಬ್ಯಾಡ.”

“ಬಳ್ಳಿ ಕಿತ್ರೆ ಮಾನ ಉಳೀತದಾ? ಕಬ್ಬೂ ಇಲ್ಲ, ಸೌತೇನೂ ಇಲ್ಲ, ಮಾನ ಬೇಯ್ಸ್ಕಂಡ್ ತಿನ್ನು.”

ಅಂದು ಕಾರ್ಖಾನೆಯಲ್ಲೇ ತಂಗಿ, ಮರುದಿನ ನಸುಕಿನಲ್ಲಿ ನಾನು ಬಂದಾಗ ಹಿರಿಯರು ಹೆಂಡತಿಯ ಹಳೆಯ ಸೀರೆಯನ್ನು ತಲೆಯಿಂದ ಮೊಣಕಾಲವರೆಗೆ ಹೊದ್ದು ಹಸುವಿನ ಪಕ್ಕ ಕುಳಿತಿದ್ದರು. ಹಸು ಮೂಸಿ ನೋಡಿತು, ಸ್ವಲ್ಪ ಅನುಮಾನಿಸಿತು, ಹಾಲು ಇಳಿಸಿತು. ಬೇಲಿಯಾಚೆಯಿಂದ ಯಾರೋ “ಏನ್ ಅತ್ತಿಗೆ, ಚೆನ್ನಾಗಿದ್ದೀಯಾ?” ಎಂದು ಕೂಗಿದರು. ಹಿರಿಯರು ತಿರುಗಲಿಲ್ಲ. “ನಗ್ಲಾ ನಗು. ನಾಳಿಕ್ ನಿಂಗೂ ಅದೆ” ಎಂದರಷ್ಟೇ. ಆ ಮಾತು ನಿಜವಾಯಿತು. ಒಂದೆರಡು ದಿನಗಳಲ್ಲಿ ಅರ್ಧ ಊರಿನ ಗಂಡಸರು ಸೀರೆ ಹೊದ್ದಿದ್ದರು. ಕರೆಯಲು ಬಾರದವರ ಮನೆಯ ಹಸುಗಳನ್ನು ನೆರೆಯವರು ಮುಯ್ಯಿಗೆ ಕರೆದುಕೊಟ್ಟರು. ಅದಕ್ಕೆ ಬದಲಾಗಿ ಅವರು ಕ್ರೇಟು ಹೊತ್ತರು.

ಹೊಸ ಪೀಪಾಯಿಗಳನ್ನು ತುಂಬಿದೆವು. ಅವುಗಳ ಮುಚ್ಚಳ ತೆಗೆಯುವ ದಿನವೇ ತಪಾಸಣೆಗಾರರು ಬಂದರು. ಮೊದಲೇ ಒಂದನ್ನು ತೆಗೆದು ನೋಡುವ ಆಸೆ ಬಹಳವಾಗಿತ್ತು, ಆದರೆ ಅವಧಿಗೆ ಮುನ್ನ ತೆಗೆದರೆ ಫಲಿತಾಂಶ ನಂಬುವಂತಿರುವುದಿಲ್ಲ. ಕೈ ಕಟ್ಟಿ ಕುಳಿತೆ.

ಅವರು ಎತ್ತರದ, ಮಾತು ಕಡಿಮೆಯ ವ್ಯಕ್ತಿ. ಜೊತೆಗೆ ಬೆಂಗಳೂರಿನಿಂದ ಬಂದ ದುಭಾಷಿ ಮಹಿಳೆ. ಪೀಪಾಯಿಗಳನ್ನು ಅವರೇ ಆರಿಸಿದರು. ಮೇಲಿನಿಂದ, ನಡುವಿನಿಂದ, ತಳದಿಂದ ಕಾಯಿ ತೆಗೆಸಿ ಬಿಳಿ ತಟ್ಟೆಯಲ್ಲಿ ಸಾಲಾಗಿ ಇಟ್ಟರು. ಮೊದಲ ಕಾಯಿ ಸೀಳಿದರು: ಗಟ್ಟಿ. ಎರಡನೆಯದು: ಗಟ್ಟಿ. ಆಮೇಲೆ ಒಂದು ಪೊಳ್ಳು ಬಂತು. ಅವರು ಅದನ್ನು ಬೇರೆ ತಟ್ಟೆಯಲ್ಲಿಟ್ಟು ಮುಂದಿನದನ್ನು ಸೀಳಿದರು. ಮಾಲೀಕರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಪೊಳ್ಳಿನ ತಟ್ಟೆಗೆ ಇನ್ನೂ ಕೆಲವು ಸೇರಿದವು. ಗಟ್ಟಿಯ ತಟ್ಟೆ ತುಂಬಿ, ಇನ್ನೊಂದು ತಟ್ಟೆ ತರಿಸಬೇಕಾಯಿತು. ಕೊನೆಗೆ ಅವರು ಒಂದು ಕಾಯಿಯನ್ನು ಕಚ್ಚಿದರು. ಆ ಸದ್ದು ಕೋಣೆಯ ಬಾಗಿಲಲ್ಲಿ ನಿಂತಿದ್ದ ಕ್ಷೇತ್ರ ಸಹಾಯಕನಿಗೂ ಕೇಳಿಸಿತು.

ಪೊಳ್ಳು ಅವರ ಮಿತಿಯೊಳಗಿದೆ, ಸರಕು ಕೊಳ್ಳುತ್ತಾರೆ ಎಂದು ದುಭಾಷಿ ಹೇಳಿದರು. ಒಂದೇ ಗಾತ್ರ ಹೇಗೆ ಸಾಧಿಸಿದಿರಿ, ಯಾವ ಯಂತ್ರ ಎಂದು ಅವರು ಕೇಳುತ್ತಿದ್ದಾರೆ ಎಂದರು. ನಾನು ಮೇಜಿನ ಖಾನೆಯಿಂದ ಒಂದು ಕರಿಬಳೆ ತೆಗೆದು ಕೊಟ್ಟೆ. ಅವರು ತಿರುಗಿಸಿ ನೋಡಿ, ತಮ್ಮ ದಪ್ಪ ಬೆರಳುಗಳನ್ನು ಒಟ್ಟುಗೂಡಿಸಿ ತೂರಿಸಲು ಪ್ರಯತ್ನಿಸಿ ಮೊದಲ ಬಾರಿಗೆ ನಕ್ಕರು. ಅವರು ತಮಗೆ ಬೇಕೆಂದು ಕೇಳಿದ್ದಕ್ಕೆ ಅದನ್ನು ಕೊಟ್ಟುಬಿಟ್ಟೆ. ಕೊಡುವ ಮುನ್ನ ಇನ್ನೊಂದು ಹುಡುಕಿ ಜೋಡಿ ಮಾಡಿದೆ.

ಸುಂಕ ಏರಿಸುವವರು, ಇಳಿಸುವವರು ಎಲ್ಲೋ ದೂರದ ಊರುಗಳಲ್ಲಿ ಕೂತಿರುತ್ತಾರೆ. ನಾಳೆ ನಮ್ಮವರಿಗೂ ಅಮೆರಿಕದವರಿಗೂ ರಾಜಿಯಾಗಬಹುದು, ಅವರು ಮತ್ತೆ ಕಿರುಬೆರಳಿನ ಕಾಯಿ ಕೇಳಬಹುದು. ಅದು ನನ್ನ ಕೈಯಲ್ಲಿಲ್ಲ. ನಾಗಮಂಗಲದಲ್ಲಿ ಮೊದಲೇ ಬಳ್ಳಿ ಕಿತ್ತವರಿಗೆ ಆ ಹಂಗಾಮಿನಲ್ಲಿ ನಾವು ಏನೂ ಮಾಡಲಾಗಲಿಲ್ಲ. ಸುದ್ದಿ ಅವರಿಗೆ ತಲುಪುವಷ್ಟರಲ್ಲಿ ಹೊಲದಲ್ಲಿ ಹುರುಳಿ ಬಿತ್ತಿದ್ದರು. ಆ ನೋವು ನನ್ನಲ್ಲಿ ಉಳಿದಿದೆ. ಆದರೆ ಆ ದಿನಗಳನ್ನು ನೆನೆದಾಗ ಮೊದಲು ಕಣ್ಣಮುಂದೆ ಬರುವುದು ಜನರ ಮುಖಗಳು. ಬಾಗಿಲು ಮುಚ್ಚಿದವಳನ್ನು ಮನೆಗೆ ಕಳಿಸದ ಮಾಲೀಕರು, ಸ್ಟೂಲು ಎಳೆದುಕೊಟ್ಟ ಸಾಹೇಬರು, ಸೀರೆ ಹೊದ್ದ ಹಿರಿಯರು. ಇವರಲ್ಲಿ ಯಾರಿಗೂ ನನಗೆ ನೆರವಾಗುವ ಬಾಧ್ಯತೆ ಇರಲಿಲ್ಲ.

ಸುದ್ದಿಯನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ರಾತ್ರಿ ಕಾರ್ಖಾನೆಯ ಅತಿಥಿ ಕೋಣೆಯಲ್ಲೇ ಉಳಿದು, ನಸುಕಿಗೇ ಕ್ಷೇತ್ರ ಸಹಾಯಕನ ಬೈಕಿನಲ್ಲಿ ಹೊಲಕ್ಕೆ ಹೋದೆ. ಮಂಜಿನಲ್ಲಿ ಹೆಂಗಸರು ಸಾಲು ಹಿಡಿದು ಬಗ್ಗಿದ್ದರು. ಬದುವಿನ ಮೇಲೆ ನಿಂತು ಹೇಳಿದೆ: ಒಪ್ಪಿದ್ದಾರೆ, ಬಳ್ಳಿ ಕೀಳುವುದು ಬೇಡ, ಹಂಗಾಮು ಮುಗಿಯುವವರೆಗೆ ಕೊಳ್ಳುತ್ತಾರೆ.

ಸೊಸೆ ತಲೆಯೆತ್ತಿ ಅತ್ತೆಯ ಕಡೆ ನೋಡಿದಳು. ದೊಡ್ಡವ್ವ ಸೊಂಟ ನೆಟ್ಟಗೆ ಮಾಡಿ, ಸೆರಗಿನಿಂದ ಮುಖ ಒರೆಸಿಕೊಂಡರು. ಸ್ವಲ್ಪ ಹೆಚ್ಚು ಹೊತ್ತೇ ಒರೆಸಿಕೊಂಡರು. ನನ್ನ ಕೈ ಹಿಡಿಯುತ್ತಾರೇನೋ ಎಂದುಕೊಂಡು ಸಾಲಿನ ನಡುವೆ ಇಳಿದೆ. ಪೂರ್ವದ ಕಡೆ ತೆಂಗಿನ ತಲೆಗಳು ಕೆಂಪಾಗುತ್ತಿದ್ದವು.

“ಒಳ್ಳೇದಾಯ್ತು ಕಣವ್ವ” ಎಂದರು. ಆಮೇಲೆ ಮತ್ತೆ ಬಗ್ಗಿದರು. “ಸೂರ್ಯ ಬತ್ತಾವ್ನೆ. ದಾರಿಗ್ ಅಡ್ಡ ನಿಂತ್ಕಬ್ಯಾಡಿ. ಇಲ್ಲಾಂದ್ರೆ ಬಗ್ಗಿ ನಾಕ್ ಕಾಯಿ ಕುಯ್ಯಿ.”

ಚಪ್ಪಲಿ ಬದುವಿನ ಮೇಲೆ ಬಿಟ್ಟು ನಾನೂ ಒಂದು ಸಾಲು ಹಿಡಿದೆ.